ಅಮ್ಮನ ಬಗ್ಗೆ ಎರಡು ಪುಟ ಬರೆಯಬೇಕು. ಟೀಚರ್, ಸಂಡೇ ಸ್ಕೂಲ್, ಚರ್ಚ್ ಕೆಲಸ... ಎಲ್ಲಿಂದ ಶುರು ಮಾಡಲಿ?

ಕೊನೇಮಗಳು

ಅಮ್ಮ ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಸ್ಮರಣೆಯ ಆರಾಧನೆಯ ದಿನ ಹಂಚಲು ಒಂದು ಸಣ್ಣ ಪುಸ್ತಿಕೆ ಮಾಡಿಸೋಣ ಅಂತ ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದಾರೆ. ಅದರಲ್ಲಿ ಅಮ್ಮನ ಬಗ್ಗೆ ಎರಡು ಪುಟ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಕಾರಣ ಇಷ್ಟೇ, ಬರೆಯುವ ಚಟ ಇರುವುದು ಮನೆಯಲ್ಲಿ ನನಗೊಬ್ಬಳಿಗೆ. ಅದೇ ಎರಡು ಪುಟವನ್ನು ಆರಾಧನೆಯಲ್ಲಿ ಓದಲೂ ಬೇಕಂತೆ.

ಅಮ್ಮ ಪ್ರೈಮರಿ ಟೀಚರ್ ಆಗಿದ್ದವರು. ವಾರವೆಲ್ಲ ಶಾಲೆ, ಭಾನುವಾರ ಸಂಡೇ ಸ್ಕೂಲ್. ಅದು ಮುಗಿದರೆ ಚರ್ಚಿನ ಕೆಲಸ. ಆಲ್ಟರ್ ಬಟ್ಟೆ (ಚರ್ಚಿನ ಆರಾಧನೆಯ ಮೇಜಿಗೆ ಹಾಸುವುದು) ಒಗೆದು ಇಸ್ತ್ರಿ ಮಾಡುವುದು, ಹೂ ಜೋಡಿಸುವುದು, ಕಾಯಿಲೆ ಬಿದ್ದವರ ಮನೆಗೆ ಹೋಗಿ ಬರುವುದು. ಇಷ್ಟು ಗೊತ್ತಿದ್ದರೂ ಕೂತು ಬರೆದಾಗ ಬಂದದ್ದು ಇದು: "ಪ್ರೀತಿಯ ತಾಯಿ, ಆದರ್ಶ ಶಿಕ್ಷಕಿ, ಸಭೆಯ ನಿಸ್ವಾರ್ಥ ಸೇವಕಿ, ಸದಾ ಹಸನ್ಮುಖಿ."

ಓದಿದರೆ ಯಾರದೋ ಅಮ್ಮ ಅನ್ನಿಸುತ್ತದೆ. ಅದರಲ್ಲೂ ಆ "ಸದಾ ಹಸನ್ಮುಖಿ". ನಮ್ಮಮ್ಮನ ಕ್ಲಾಸಿನಲ್ಲಿ ಕೂತಿದ್ದವರು ಇದನ್ನು ಕೇಳಿದರೆ ಆರಾಧನೆ ಅಂತಲೂ ನೋಡದೆ ನಕ್ಕುಬಿಡುತ್ತಾರೆ.

ಇಂಥದ್ದು ಬರೆದಿರುವವರು ಯಾರಾದರೂ ಇದ್ದರೆ ದಾರಿ ತೋರಿಸಿ.

ಸೀಮೆಸುಣ್ಣ

ನೋಡಮ್ಮಾ, ಮೊದಲು ಸಮಾಧಾನ ಮಾಡಿಕೋ. ನಾನೂ ರಿಟೈರ್ಡ್ ಮೇಷ್ಟ್ರು. ಸತ್ತ ಮೇಲೆ ನನ್ನನ್ನು "ಆದರ್ಶ ಶಿಕ್ಷಕ" ಅಂತ ಯಾರಾದರೂ ಬರೆದರೆ ಎದ್ದು ಬಂದು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇನೆ.

ಗುಣದ ಹೆಸರು ಬರೆಯಬೇಡ, ಕೆಲಸ ಬರೆ. "ನಿಸ್ವಾರ್ಥ ಸೇವೆ" ಯಾರ ಕಣ್ಣಿಗೂ ಕಾಣಿಸುವುದಿಲ್ಲ. ಒದ್ದೆ ಆಲ್ಟರ್ ಬಟ್ಟೆಯನ್ನು ನೆರಳಲ್ಲಿ ಒಣಹಾಕಿ, ಕಲೆ ಹೋಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡುವ ಹೆಂಗಸು ಎಲ್ಲರಿಗೂ ಕಾಣಿಸುತ್ತಾಳೆ.

ಅಮ್ಮನ ಸಾಮಾನು ಇನ್ನೂ ಮನೆಯಲ್ಲಿದೆ ಅಲ್ವಾ? ಯಾರಾದರೂ ಬೀರು ಖಾಲಿ ಮಾಡುವ ಮುಂಚೆ ಒಂದು ಸಲ ಕೂತು ನೋಡು. ಟೀಚರುಗಳು ಕಾಗದ ಎಸೆಯುವ ಜಾತಿ ಅಲ್ಲ. ಹಳೆ ಡೈರಿ, ಹಾಜರಿ ಪುಸ್ತಕ, ಪಾಠದ ಟಿಪ್ಪಣಿ ಏನಾದರೊಂದು ಸಿಕ್ಕೇ ಸಿಗುತ್ತದೆ.

ಗಂಟೆಗೋಪುರ

ಮೇಷ್ಟ್ರು ಹೇಳಿದ್ದಕ್ಕೆ ಬೈಬಲ್ಲಿನಲ್ಲೇ ಆಧಾರ ಇದೆ. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ, 36ರಿಂದ 42ನೇ ವಚನದವರೆಗೆ ಓದಿ. ಯೊಪ್ಪ ಅನ್ನುವ ಊರಿನಲ್ಲಿ ಬಡವರಿಗೆ ನೆರವಾಗುತ್ತಿದ್ದ ತಬಿಥಾ ಅನ್ನುವ ಹೆಂಗಸು ತೀರಿಕೊಳ್ಳುತ್ತಾಳೆ. ಯೇಸುವಿನ ಶಿಷ್ಯ ಪೇತ್ರನನ್ನು ಕರೆಸುತ್ತಾರೆ. ಅವನು ಮಾಳಿಗೆಯ ಕೋಣೆಗೆ ಬಂದರೆ ಅಲ್ಲಿದ್ದ ವಿಧವೆಯರು ಭಾಷಣ ಏನೂ ಮಾಡುವುದಿಲ್ಲ. ಅಳುತ್ತಾ, ಅವಳು ಬದುಕಿದ್ದಾಗ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸುತ್ತಾರೆ. ಅವಳು ತುಂಬಾ ಒಳ್ಳೆಯವಳು ಅಂತ ಬಾಯಿಬಿಟ್ಟು ಹೇಳಿದ್ದು ಅಲ್ಲಿ ಬರೆದಿಲ್ಲ, ಬಟ್ಟೆ ತೋರಿಸಿದ್ದು ಬರೆದಿದೆ. ತಬಿಥಾ ಆಡಿದ ಒಂದು ಮಾತೂ ಆ ಭಾಗದಲ್ಲಿ ಇಲ್ಲ.

ಪೇತ್ರ ಅವಳನ್ನು ಬದುಕಿಸಿ ಎಬ್ಬಿಸಿದ್ದು ಆಮೇಲಿನ ಕಥೆ. ಚರ್ಚ್ ಕೆಲಸ ಮಾಡಿಕೊಂಡು ಹೋದ ಹೆಂಗಸನ್ನು ನೆನೆಯುವುದು ಹೇಗೆ ಅನ್ನುವುದಕ್ಕೆ ನನಗೆ ಗೊತ್ತಿರುವ ಹಳೇ ಮಾದರಿ ಅಂದರೆ ಆ ವಿಧವೆಯರೇ.

ಇನ್ನೊಂದು ವಿಷಯ. ನಿಮ್ಮದು ಯಾವ ಸಭೆ ಅಂತ ಬರೆದಿಲ್ಲ. ಕ್ಯಾಥೊಲಿಕ್ ಆಗಿದ್ದರೆ ಮೊದಲೇ ಫಾದರ್ ಹತ್ತಿರ ಮಾತಾಡಿ. ಬಲಿಪೂಜೆಯ (ಮಾಸ್) ಸಾಮಾನ್ಯ ನಿರ್ದೇಶನಗಳ 382ನೇ ಕಲಮಿನ ಪ್ರಕಾರ, ಅಂತ್ಯಸಂಸ್ಕಾರದ ಪೂಜೆಯಲ್ಲಿ ಚಿಕ್ಕ ಪ್ರಬೋಧನೆ (ಫಾದರ್ ಕೊಡುವ ಉಪದೇಶ) ಇರಬೇಕು, ಆದರೆ ಅದು ತೀರಿಕೊಂಡವರ ಗುಣಗಾನ ಆಗಬಾರದು. ಮನೆಯವರು ಮಾತಾಡಲೇಬಾರದು ಅಂತ ಇದರ ಅರ್ಥ ಅಲ್ಲ. ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ, ಅಂತಿಮ ಬೀಳ್ಕೊಡುಗೆಗೆ ಮುಂಚೆ, ಒಬ್ಬರು ನಾಲ್ಕು ಮಾತು ಹೇಳಬಹುದು. ಹಿಂದಿನ ರಾತ್ರಿಯ ಜಾಗರಣೆ ಪ್ರಾರ್ಥನೆಯಲ್ಲಾದರೆ ಇನ್ನೂ ಆರಾಮಾಗಿ ಮಾತಾಡಬಹುದು.

ಕೊನೇಮಗಳು

ನಮ್ಮದು ಪ್ರೊಟೆಸ್ಟೆಂಟ್ ಸಭೆ. ಪಾಸ್ಟರ್ ಐದು ನಿಮಿಷ ಕೊಟ್ಟಿದ್ದಾರೆ. "ಐದು ಅಂದರೆ ಐದೇ" ಅಂತ ಒತ್ತಿ ಹೇಳಿದ್ದಾರೆ. ನಮ್ಮ ಮನೆಯವರು ಮಾತಿಗೆ ನಿಂತರೆ ಏನಾಗುತ್ತೆ ಅಂತ ಅವರಿಗೆ ಗೊತ್ತು.

ಬೈಬಲ್ಲಿನ ಜ್ಞಾನೋಕ್ತಿ 31, ಅಂದರೆ ಗುಣವತಿ ಹೆಂಗಸನ್ನು ಹೊಗಳುವ ಅಧ್ಯಾಯ, ಓದಬೇಕು ಅಂತ ಎಲ್ಲರೂ ಹೇಳುತ್ತಿದ್ದಾರೆ. ಯಾವ ಅಮ್ಮ ತೀರಿಕೊಂಡರೂ ಅದೇ ಓದುತ್ತಾರೆ. ಅದನ್ನು ಬಿಟ್ಟರೆ ತಪ್ಪಾಗುತ್ತಾ?

ಆಲ್ಟೋ

ಕ್ವಾಯರಿನವಳು ನಾನು. ಎಷ್ಟೋ ಅಂತ್ಯಸಂಸ್ಕಾರಗಳಲ್ಲಿ ಅದನ್ನು ಕೇಳಿದ್ದೇನೆ. ಬಿಡಬೇಡಿ ಅಕ್ಕ. ಆದರೆ ಒಂದು ವಿಷಯ ಸೇರಿಸಿ ಹೇಳಿ. 10ರಿಂದ 31ನೇ ವಚನದವರೆಗೆ ಅದು ಅಕ್ಷರಮಾಲೆಯ ಪದ್ಯ. ಹೀಬ್ರೂವಿನಲ್ಲಿ 22 ಅಕ್ಷರ, ಇಲ್ಲಿ 22 ವಚನ. ಒಂದೊಂದು ವಚನ ಒಂದೊಂದು ಅಕ್ಷರದಿಂದ, ಕ್ರಮವಾಗಿ. ನಾವು ಮಕ್ಕಳಿಗೆ ಅ ಆ ಇ ಈ ಹಾಡು ಕಲಿಸುವ ರೀತಿಯದ್ದೇ. ಆ ಅಧ್ಯಾಯ ಶುರುವಾಗುವುದೇ ಲೆಮೂವೇಲ ಅನ್ನುವ ಅರಸನಿಗೆ ಅವನ ತಾಯಿ ಕಲಿಸಿದ ಮಾತು ಅಂತ. ಅಕ್ಷರ ಕಲಿಸಿದ ಟೀಚರಮ್ಮನಿಗೆ ಇದಕ್ಕಿಂತ ಒಪ್ಪುವ ಓದು ಯಾವುದಿದೆ?

ಹಾಡಿನ ವಿಷಯ: ಅಮ್ಮನಿಗೆ ಇಷ್ಟ ಇದ್ದ ಹಾಡನ್ನೇ ಇಡಿ. ದುಃಖದ್ದೇ ಆಗಬೇಕಿಲ್ಲ. ಕ್ವಾಯರಿಗೆ ಮುಂಚೆಯೇ ತಿಳಿಸಿ, ಬೆಳಿಗ್ಗೆ ಎದ್ದು ಫೋನ್ ಮಾಡಬೇಡಿ.

ಹಿರೀಮಗ

ಬೇರೆ ಥರದ ಮಾತು ಹೇಳುತ್ತೇನೆ. ಬೇಜಾರಾದರೆ ಬಿಟ್ಟುಬಿಡಿ.

ನನ್ನ ತಾಯಿಯೂ ಟೀಚರ್, ಚರ್ಚಿನಲ್ಲೂ ಅವರಿಲ್ಲದೆ ಏನೂ ನಡೆಯುತ್ತಿರಲಿಲ್ಲ. ತೀರಿಕೊಂಡು ಎಷ್ಟೋ ವರ್ಷ ಆಯಿತು. ಅವತ್ತು ಒಬ್ಬೊಬ್ಬರೂ ಎದ್ದು ನಿಂತು "ನಮಗೂ ತಾಯಿಯ ಹಾಗಿದ್ದರು" ಅಂದರು. ನನಗೆ ಕೂತಲ್ಲೇ ಸಿಟ್ಟು ಬರುತ್ತಿತ್ತು. ಊರ ಮಕ್ಕಳಿಗೆಲ್ಲ ಅವರು ಟೀಚರ್. ನಮ್ಮ ಪಾಲಿಗೆ ಸುಸ್ತಾದ ಅಮ್ಮ. ಶಾಲೆಯಿಂದ ಬಂದು ಬ್ಯಾಗ್ ಇಟ್ಟು, ಮುಖ ತೊಳೆದು, ಯಾರದೋ ಮನೆಗೆ ಪ್ರಾರ್ಥನೆಗೆ ಹೊರಡುತ್ತಿದ್ದರು. ನನ್ನ ಹೋಮ್‌ವರ್ಕ್ ನೋಡುತ್ತಿದ್ದದ್ದು ಅಪ್ಪ. ಬೇರೆ ಮಕ್ಕಳ ಕಾಪಿ ಪುಸ್ತಕ ಮಾತ್ರ ಊಟದ ಮೇಜಿನ ಮೇಲೆ ರಾಶಿ.

ಇದನ್ನು ಪುಸ್ತಿಕೆಯಲ್ಲಿ ಬರೆಯಿರಿ ಅಂತ ಹೇಳುತ್ತಿಲ್ಲ. ಆದರೆ "ಸೇವೆ" ಅಂತ ಹೊಗಳುವಾಗ ಅದರ ಲೆಕ್ಕ ಯಾರ ಖಾತೆಯಿಂದ ಹೋಯಿತು ಅಂತ ಒಂದು ಸಾಲಾದರೂ ಇರಬೇಕು.

ಸೀಮೆಸುಣ್ಣ

ಹಿರೀಮಗ, ಇದರಲ್ಲಿ ಬೇಜಾರು ಮಾಡಿಕೊಳ್ಳುವುದೇನಿದೆ? ನನ್ನ ಮಗಳೂ ಇದನ್ನೇ ಅಂದಿದ್ದಾಳೆ, ನಾನು ಬದುಕಿರುವಾಗಲೇ. ಟೀಚರ್ ಮನೆಯ ಮಕ್ಕಳಿಗೆಲ್ಲ ಇದು ಗೊತ್ತು. ಸಂಜೆ ಹೊತ್ತಿಗೆ ನಮ್ಮ ಸಹನೆಯ ಡಬ್ಬ ತಳ ಕಂಡಿರುತ್ತದೆ.

ನೀಲಿಶಾಯಿ

ನಾನು ಒಪ್ಪುವುದಿಲ್ಲ. ಸ್ಮರಣೆಯ ಆರಾಧನೆ ಅಂದರೆ ಮನೆ ಜಗಳ ತೆಗೆಯುವ ಜಾಗ ಅಲ್ಲ. ಅವರು ಎದ್ದು ಬಂದು ಉತ್ತರ ಕೊಡುವ ಹಾಗಿಲ್ಲ. ಐದು ನಿಮಿಷ ಒಳ್ಳೆಯದನ್ನು ಹೇಳಿ ಕೂತರೆ ಯಾರಿಗೇನು ನಷ್ಟ?

ಗಂಟೆಗೋಪುರ

ನೀಲಿಶಾಯಿ ಅವರೇ, ಕ್ರೈಸ್ತರು ತಾಯಿಯ ಬಗ್ಗೆ ಬರೆದದ್ದರಲ್ಲಿ ತುಂಬಾ ಹೆಸರಾದದ್ದು ಸಂತ ಆಗಸ್ಟೀನರು ತಮ್ಮ ತಾಯಿ ಮೋನಿಕಾ ಬಗ್ಗೆ ಬರೆದ ಪುಟಗಳು. ಆಕೆ ತೀರಿಕೊಂಡದ್ದು ಕ್ರಿ.ಶ. 387ರಲ್ಲಿ, ರೋಮ್ ಹತ್ತಿರದ ಓಸ್ಟಿಯಾ ಬಂದರಿನಲ್ಲಿ, ಬದುಕಿನ 56ನೇ ವರ್ಷದಲ್ಲಿ. ಆಗ ಮಗನಿಗೆ 33ನೇ ವರ್ಷ ನಡೆಯುತ್ತಿತ್ತು. ಆ ಪುಟಗಳಲ್ಲಿ ಅವರು ಏನು ಸೇರಿಸಿದ್ದಾರೆ ಗೊತ್ತಾ? ಹುಡುಗಿಯಾಗಿದ್ದಾಗ ಅಮ್ಮ ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೋದಾಗ ಗುಟುಕು ಗುಟುಕಾಗಿ ಕದ್ದು ಕುಡಿಯುತ್ತಿದ್ದರು, ಅದೇ ಅಭ್ಯಾಸವಾಗಿ ಹೋಯಿತು, ಮನೆಯ ದಾಸಿ ಜಗಳದಲ್ಲಿ ಕುಡುಕಿ ಅಂತ ಮೂದಲಿಸಿದ ಮೇಲೆ ಬಿಟ್ಟರು ಅಂತ! ಸಂತಳಾದ ತಾಯಿಯ ಬಗ್ಗೆ ಸಂತನಾದ ಮಗ ಬರೆದದ್ದು ಇದು. ಅದನ್ನು ಓದಿದ ಮೇಲೆ ಮೋನಿಕಾ ಮೇಲೆ ನನಗಂತೂ ಪ್ರೀತಿ ಜಾಸ್ತಿಯೇ ಆಯಿತು.

ಅಳುವಿನ ಬಗ್ಗೆಯೂ ಅವರು ಮುಚ್ಚಿಟ್ಟಿಲ್ಲ. ಎಲ್ಲರ ಮುಂದೆ ತಡೆದುಕೊಂಡರಂತೆ. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಸ್ನಾನಕ್ಕೆ ಹೋದರಂತೆ. ಏನೂ ಇಳಿಯಲಿಲ್ಲ. ಮಲಗಿ ಎದ್ದ ಮೇಲೆ, ಒಬ್ಬರೇ ಇದ್ದಾಗ, ಅತ್ತರು.

ಜಗಳ ತೆಗೆಯುವುದು ಬೇರೆ, ಮನುಷ್ಯಳನ್ನು ಮನುಷ್ಯಳಾಗಿ ತೋರಿಸುವುದು ಬೇರೆ. ಹಿರೀಮಗ ಕೇಳುತ್ತಿರುವುದು ಎರಡನೆಯದು ಅಂತ ನನಗನ್ನಿಸುತ್ತದೆ.

ನೀಲಿಶಾಯಿ

ಬರವಣಿಗೆಯಲ್ಲಿ ಸರಿ. ಬೆಂಚಿನಲ್ಲಿ ಕೂತ ಅತ್ತೆ, ದೊಡ್ಡಪ್ಪ, ಚಿಕ್ಕಮ್ಮಂದಿರ ಮುಂದೆ ಓದುವುದು ಬೇರೆ. ಪುಸ್ತಿಕೆಗೆ ಒಂದು, ಓದಲು ಒಂದು, ಎರಡು ಬೇರೆ ಬೇರೆ ಬರೆಯಲಿ ಅನ್ನುತ್ತೇನೆ.

ಕೊನೇಮಗಳು

ನೀಲಿಶಾಯಿ ಹೇಳಿದ್ದು ನನಗೂ ಸರಿ ಅನ್ನಿಸುತ್ತೆ. ಓದುವುದು ಚಿಕ್ಕದಾಗಿರಲಿ.

ಮೇಷ್ಟ್ರೇ, ನಿಮ್ಮ ಮಾತು ಕೇಳಿ ಬೀರು ತೆಗೆದೆ. ಸಂಡೇ ಸ್ಕೂಲಿನ ಹಾಜರಿ ಪುಸ್ತಕಗಳ ಒಂದು ಕಟ್ಟೇ ಸಿಕ್ಕಿತು. ರಟ್ಟಿನ ಮೇಲೆ ಕಂದು ಕಾಗದದ ಬೈಂಡ್, ಮೂಲೆಯಲ್ಲಿ ವರ್ಷ. ತೆಗೆದು ನೋಡಿದರೆ ಬಂದ ಮಕ್ಕಳಿಗೆ ಸುಮ್ನೆ ಒಂದು ಟಿಕ್. ಬಾರದವರಿಗೆ ಎಲ್ಲರೂ ಹಾಕುವ ಹಾಗೆ ಗುಣಾಕಾರದ ಗುರುತು ಇಲ್ಲ. ಆ ಸಣ್ಣ ಚೌಕದೊಳಗೆ ಕಾರಣ ಬರೆದಿದ್ದಾರೆ. ಚೌಕ ಸಾಲದೆ ಅಕ್ಷರ ಕೆಳಗಿನ ಸಾಲಿಗೆ ಇಳಿದಿದೆ. "ಜ್ವರ." "ಅಜ್ಜಿ ಮನೆ." "ಅಪ್ಪ ಬಿಡಲಿಲ್ಲ." "ಮಳೆ." ಒಂದು ಹುಡುಗನ ಹೆಸರಿನ ಮುಂದೆ ಮೂರು ಭಾನುವಾರ ಸಾಲಾಗಿ "ಚಪ್ಪಲಿ ಇಲ್ಲ", "ಚಪ್ಪಲಿ ಇಲ್ಲ", "ಚಪ್ಪಲಿ ಇಲ್ಲ". ನಾಲ್ಕನೆಯದಕ್ಕೆ ಟಿಕ್.

ಆ ಚಪ್ಪಲಿ ಎಲ್ಲಿಂದ ಬಂತು ಅಂತ ಅಮ್ಮ ಎಲ್ಲೂ ಬರೆದಿಲ್ಲ. ಮನೆಯಲ್ಲೂ ಯಾವತ್ತೂ ಹೇಳಿಲ್ಲ.

ಸೀಮೆಸುಣ್ಣ

ಸಿಕ್ಕಿತಲ್ಲ ಮೊದಲ ಪ್ಯಾರಾ. ಇನ್ನೇನು ಕೇಳುತ್ತೀಯಾ?

ಬಾರದವನಿಗೆ ಗುರುತು ಹಾಕಿ ಮುಂದೆ ಹೋಗುವುದು ಸುಲಭ. ಯಾಕೆ ಬರಲಿಲ್ಲ ಅಂತ ಗೊತ್ತಾಗಬೇಕಾದರೆ ಮನೆತನಕ ಹೋಗಬೇಕು, ಇಲ್ಲವಾದರೆ ತಂಗಿಯನ್ನೋ ಗೆಳೆಯನನ್ನೋ ವಿಚಾರಿಸಬೇಕು. ವರ್ಷಗಟ್ಟಲೆ ಅದನ್ನು ಮಾಡುವುದು ಸಣ್ಣ ಕೆಲಸ ಅಲ್ಲ. ನಾನು ಮಾಡಿಲ್ಲ.

ಕೊನೇಬೆಂಚು

ನಾನು ಕ್ರೈಸ್ತ ಅಲ್ಲ, ಆದರೂ ಒಂದು ಮಾತು. ನನಗೆ ಓದು ಬರೆಹ ಹಚ್ಚಿದ್ದು ಇಂಥದ್ದೇ ಒಬ್ಬ ಟೀಚರಮ್ಮ. ಅವರ ಅಂತ್ಯಸಂಸ್ಕಾರಕ್ಕೆ ಹೋದಾಗ ಎಲ್ಲಿ ಎದ್ದು ನಿಲ್ಲಬೇಕು, ಎಲ್ಲಿ ಕೂರಬೇಕು, ಯಾವ ಹಾಡು ಎಂಬುದೇ ಗೊತ್ತಾಗದೆ ಹಿಂದಿನ ಬೆಂಚಿನಲ್ಲಿ ಮುದುರಿ ಕೂತಿದ್ದೆ. ಅದು ನನ್ನ ಅಭ್ಯಾಸದ ಜಾಗವೇ ಬಿಡಿ. ನಿಮ್ಮಮ್ಮನ ಶಾಲೆಯ ಮಕ್ಕಳಲ್ಲಿ ನನ್ನಂಥವರು ಬೇಕಾದಷ್ಟು ಜನ ಬರುತ್ತಾರೆ. ಪುಸ್ತಿಕೆಯಲ್ಲಿ ಆರಾಧನೆಯ ಕ್ರಮ ಹಾಕಿ, ಹಾಡಿನ ಪೂರ್ತಿ ಸಾಲುಗಳನ್ನು ಹಾಕಿ, "ಇಲ್ಲಿ ಎಲ್ಲರೂ ನಿಲ್ಲುವುದು" ಅಂತ ಒಂದು ಸಾಲು ಸೇರಿಸಿ. ಅಷ್ಟಾದರೆ ನಾವೂ ಒಳಗಿನವರ ಹಾಗೆ ಕೂರುತ್ತೇವೆ.

ಇನ್ನೊಂದು. ಹಳೇ ವಿದ್ಯಾರ್ಥಿಗಳನ್ನು "ಟೀಚರ್ ಹೇಗಿದ್ದರು?" ಅಂತ ಕೇಳಬೇಡಿ. "ತುಂಬಾ ಒಳ್ಳೆಯವರು" ಅನ್ನುವ ಉತ್ತರವೇ ಬರುತ್ತದೆ. "ಟೀಚರ್ ನಿಮ್ಮನ್ನು ಬೈದದ್ದು ಯಾವಾಗ?" ಅಂತ ಕೇಳಿ ನೋಡಿ. ವಾಟ್ಸಾಪ್ ಗ್ರೂಪ್ ತುಂಬಿ ಹೋಗುತ್ತದೆ.

ಅಚ್ಚುಮೊಳೆ

ಪುಸ್ತಿಕೆ ಅಂದಿರಲ್ಲ, ಅಚ್ಚಿನ ಕಡೆಯ ನಾಲ್ಕು ಮಾತು.

ಫೋಟೋವನ್ನು ವಾಟ್ಸಾಪಿನಲ್ಲಿ ಹಾಗೇ ಕಳಿಸಬೇಡಿ, ಅದು ಒತ್ತಿ ಚಿಕ್ಕದು ಮಾಡುತ್ತದೆ, ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಅಥವಾ ಹಳೇ ಫೋಟೋವನ್ನೇ ಸ್ಕ್ಯಾನ್ ಮಾಡಿಸಿ. ಮುಖಪುಟಕ್ಕೆ ಎಲ್ಲರೂ ಗುರುತಿನ ಚೀಟಿಯ ಫೋಟೋ ತರುತ್ತಾರೆ. ಕೆಲಸ ಮಾಡುತ್ತಿರುವಾಗ ತೆಗೆದದ್ದು ಇದ್ದರೆ ಅದನ್ನೇ ಹಾಕಿ, ಮುಖ ಸ್ವಲ್ಪ ಓರೆಯಾಗಿದ್ದರೂ ಪರವಾಗಿಲ್ಲ. ಹುಟ್ಟಿದ ತಾರೀಖು, ಹೆಸರಿನ ಕಾಗುಣಿತ, ಮೊಮ್ಮಕ್ಕಳ ಹೆಸರು ಇವನ್ನು ಬರೆದವರೇ ತಿದ್ದಬಾರದು, ಬೇರೆಯವರಿಗೆ ಕೊಡಿ. ಮೊಮ್ಮಗುವಿನ ಹೆಸರೊಂದು ಬಿಟ್ಟುಹೋಗಿ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳನ್ನು ಈ ಕಸುಬಿನಲ್ಲಿ ನೋಡಿದ್ದೇನೆ.

ಆ ಹಾಜರಿ ಪುಸ್ತಕದ ಒಂದು ಪುಟವನ್ನೇ ಯಾಕೆ ಅಚ್ಚು ಹಾಕಿಸಬಾರದು?

ನೀಲಿಶಾಯಿ

ಬೇಡ! ಅದರಲ್ಲಿ ಮಕ್ಕಳ ಹೆಸರಿದೆ. "ಚಪ್ಪಲಿ ಇಲ್ಲ" ಅನ್ನಿಸಿಕೊಂಡ ಹುಡುಗ ಈಗ ದೊಡ್ಡವನಾಗಿ ಹೆಂಡತಿ ಮಕ್ಕಳ ಜೊತೆ ಅದೇ ಆರಾಧನೆಗೆ ಬಂದು ಕೂತಿರಬಹುದು. ಅವನ ಬಡತನವನ್ನು ಪುಸ್ತಿಕೆಯಲ್ಲಿ ಹಂಚಿದ ಹಾಗಾಗುತ್ತದೆ. ನಿಮ್ಮಮ್ಮ ಮನೆಯಲ್ಲೂ ಹೇಳದೆ ಇಟ್ಟ ವಿಷಯ ಅದು.

ಅಚ್ಚುಮೊಳೆ

ಹೌದು, ಅದೂ ನಿಜ. ಹೆಸರಿನ ಕಂಬವನ್ನು ಪೂರ್ತಿ ಕತ್ತರಿಸಿ, ಬರಿ ಚೌಕಗಳನ್ನಷ್ಟೇ ಹಾಕಬಹುದು. ಚಪ್ಪಲಿಯ ಸಾಲು ಬಿಟ್ಟು, ಜ್ವರ, ಮಳೆ ಇರುವ ಜಾಗ ಸಾಕು. ಕೈಬರೆಹ ಕಂಡರೆ ಆಯಿತು. ಟೀಚರ್ ಕೈಬರೆಹ ಯಾರೂ ಮರೆಯುವುದಿಲ್ಲ.

ಆಲ್ಟೋ

ಸಂಡೇ ಸ್ಕೂಲ್ ಮಾತು ಬಂತಲ್ಲ, ಈ ಕಥೆ ಇಲ್ಲಿ ಹೇಳಲೇಬೇಕು. ಸ್ವಲ್ಪ ಉದ್ದ ಆಗುತ್ತೆ.

ಮೊದಲಿಗೆ ಸಂಡೇ ಸ್ಕೂಲ್ ಅಂದರೆ ಬರಿ ಬೈಬಲ್ ಕಥೆಯ ಕ್ಲಾಸ್ ಆಗಿರಲಿಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೇಕ್ಸ್ ಅನ್ನುವ ಪತ್ರಿಕೆಯವರು ಇದನ್ನು ನಡೆಸಲು ಶುರು ಮಾಡಿದಾಗ, ಬರುತ್ತಿದ್ದದ್ದು ವಾರವೆಲ್ಲ ದುಡಿಯುವ ಬಡ ಮಕ್ಕಳು. ಅವರಿಗೆ ಬಿಡುವು ಇದ್ದದ್ದು ಭಾನುವಾರ ಮಾತ್ರ. ಅವತ್ತು ಓದು ಕಲಿಸುತ್ತಿದ್ದರು. ಅಂದರೆ ಸಂಡೇ ಸ್ಕೂಲ್ ಟೀಚರ್ ಅನ್ನುವುದು ಮೊದಲಿಂದಲೂ ನಿಜವಾದ ಟೀಚರ್ ಕೆಲಸವೇ.

ಈಗ ಮದರ್ಸ್ ಡೇ. ಅದು ಶುರುವಾದದ್ದು ಅಕ್ಕ ಹೇಳುತ್ತಿರುವಂಥ ಒಬ್ಬ ಅಮ್ಮನಿಂದ. ಹೆಸರು ಆನ್ ರೀವ್ಸ್ ಜಾರ್ವಿಸ್. ಹುಟ್ಟಿದ್ದು 1832, ಅಮೆರಿಕದ ವರ್ಜೀನಿಯಾದಲ್ಲಿ. ಆಮೇಲೆ ಬದುಕಿದ್ದು ಈಗಿನ ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಕಡೆ. ಹತ್ತಕ್ಕೂ ಜಾಸ್ತಿ ಮಕ್ಕಳನ್ನು ಹೆತ್ತರು, ದೊಡ್ಡವರಾಗುವ ತನಕ ಉಳಿದದ್ದು ನಾಲ್ಕೇ. ಟೈಫಾಯಿಡ್, ದಡಾರ, ಗಂಟಲಮಾರಿ ಮನೆಮನೆಗೆ ನುಗ್ಗುತ್ತಿದ್ದ ಕಾಲ. 1858ರಲ್ಲಿ ಆಕೆ ಸುತ್ತಲ ಊರುಗಳ ತಾಯಂದಿರನ್ನು ಸೇರಿಸಿ ಸಂಘ ಕಟ್ಟಿದರು. ಚೊಕ್ಕಟ ಹೇಗಿರಬೇಕು ಅಂತ ಕಲಿಸುವುದು, ದುಡ್ಡು ಕೂಡಿಸಿ ಔಷಧಿ ಕೊಡಿಸುವುದು, ಕ್ಷಯ ಹಿಡಿದ ತಾಯಂದಿರ ಮನೆಗೆ ಕೆಲಸಕ್ಕೆ ಹೆಂಗಸರನ್ನು ಇಡುವುದು, ಮಕ್ಕಳು ಕುಡಿಯುವ ಹಾಲು ಸರಿ ಇದೆಯಾ ಅಂತ ನೋಡುವುದು. ಡಾಕ್ಟರ್ ಆಗಿದ್ದ ಅಣ್ಣನೂ ಕೈಜೋಡಿಸಿದ. ಅಂತರ್ಯುದ್ಧ ಬಂದಾಗ ಆ ಊರುಗಳ ಜನ ಎರಡು ಪಾಳಯ ಆದರು. ಈ ತಾಯಂದಿರು ಮಾತ್ರ ಎರಡೂ ಕಡೆಯ ಸೈನಿಕರಿಗೆ ಆರೈಕೆ ಮಾಡಿದರು. ಯುದ್ಧ ಮುಗಿದ ಮೇಲೆ ಎರಡೂ ಕಡೆಯವರನ್ನು ಒಂದೇ ಕಡೆ ಸೇರಿಸಿ ತಾಯಂದಿರ ಸ್ನೇಹದ ದಿನ ಅಂತ ಮಾಡಿದರು. ಇದರ ಜೊತೆಗೆ ಗ್ರಾಫ್ಟನ್ನಿನ ಆಂಡ್ರೂಸ್ ಮೆಥೊಡಿಸ್ಟ್ ಚರ್ಚಿನಲ್ಲಿ ಚಿಕ್ಕ ಮಕ್ಕಳ ಸಂಡೇ ಸ್ಕೂಲನ್ನು ಸುಮಾರು 25 ವರ್ಷ ನೋಡಿಕೊಂಡರು.

1905ರ ಮೇ 9ರಂದು ತೀರಿಕೊಂಡರು. ಮಗಳು ಆನಾ ಹಟ ಹಿಡಿದು 1908ರ ಮೇ 10ರ ಭಾನುವಾರ ಅದೇ ಚರ್ಚಿನಲ್ಲಿ ತಾಯಂದಿರ ಆರಾಧನೆ ನಡೆಸಿದಳು. ಅಮ್ಮನಿಗೆ ಇಷ್ಟವಾಗಿದ್ದ ಬಿಳಿ ಕಾರ್ನೇಷನ್ ಹೂ 500 ಕಳಿಸಿಕೊಟ್ಟಳು. ತಾನು ಮಾತ್ರ ಗ್ರಾಫ್ಟನ್ನಿಗೆ ಬರಲಿಲ್ಲ, ಫಿಲಡೆಲ್ಫಿಯಾದಲ್ಲಿ ಅವತ್ತೇ ನಡೆದ ಇನ್ನೊಂದು ಸಭೆಯಲ್ಲಿ ಇದ್ದಳು. 1914ರಲ್ಲಿ ಅಧ್ಯಕ್ಷ ವಿಲ್ಸನ್ ಮೇ ತಿಂಗಳ ಎರಡನೇ ಭಾನುವಾರವನ್ನು ಮದರ್ಸ್ ಡೇ ಅಂತ ಸಾರಿದರು.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ಹೂ ಮಾರುವವರು, ಕಾರ್ಡ್ ಮಾರುವವರು, ಮಿಠಾಯಿ ಮಾರುವವರು ಬಂದರು. ಆನಾ ಅವರ ವಿರುದ್ಧ ಹೋರಾಡುತ್ತಲೇ ತನ್ನ ಆಸ್ತಿ ಕಳೆದುಕೊಂಡು 1948ರಲ್ಲಿ ಒಂದು ಆರೈಕೆ ಮನೆಯಲ್ಲಿ ಸತ್ತಳು.

ನನಗೆ ಇದರಲ್ಲಿ ಕಾಡುವುದು ವ್ಯಾಪಾರದ ವಿಷಯ ಅಲ್ಲ. ಜಗತ್ತಿಗೆಲ್ಲ ಹೂವಿನ ವಿಷಯ ಮುಟ್ಟಿತು, ಹಾಲು ಪರೀಕ್ಷೆ ಮಾಡಿದ ವಿಷಯ ಮುಟ್ಟಲಿಲ್ಲ. ಅಕ್ಕ, ನೀವು ಹೂವಿನ ಬಗ್ಗೆ ಒಂದು ಸಾಲು ಬರೆಯಿರಿ, ಹಾಲಿನ ಬಗ್ಗೆ ಒಂದು ಪುಟ ಬರೆಯಿರಿ.

ಹಿರೀಮಗ

ಅಷ್ಟು ಮಕ್ಕಳನ್ನು ಕಳೆದುಕೊಂಡ ಮೇಲೂ ಬೇರೆಯವರ ಮಕ್ಕಳ ಹಾಲು ನೋಡಲು ಹೋದಳಾ ಆಕೆ...

ಅಥವಾ ಕಳೆದುಕೊಂಡದ್ದಕ್ಕೇ ಹೋದಳೇನೋ. ನನ್ನ ತಾಯಿ ಯಾಕೆ ಹೋಗುತ್ತಿದ್ದರು ಅಂತ ನಾನು ಕೇಳಿದ್ದೇ ಇಲ್ಲ.

ಕೊನೇಮಗಳು

ಎಲ್ಲರಿಗೂ ಥ್ಯಾಂಕ್ಸ್. ಕೊನೇಬೆಂಚು ಅವರೇ, ನೀವು ಹೇಳಿದ ಹಾಗೆ ಅಮ್ಮನ ಹಳೇ ಶಾಲೆಯ ಗ್ರೂಪಿನಲ್ಲಿ "ಟೀಚರ್ ನಿಮ್ಮನ್ನು ಬೈದದ್ದು ಯಾವಾಗ?" ಅಂತ ಹಾಕಿದೆ. ರಾತ್ರಿಯೆಲ್ಲ ಫೋನ್ ಸುಮ್ಮನಾಗಲಿಲ್ಲ. ಅಳುತ್ತಾ ನಗುತ್ತಾ ಓದಿದೆ. ಆರಾಧನೆಯಲ್ಲಿ ಓದಲು ಇಷ್ಟು ಬರೆದಿದ್ದೇನೆ, ನೋಡಿ ಹೇಳಿ:

"ನಮ್ಮಮ್ಮ ಸುಲಭಕ್ಕೆ ನಗುವವರಲ್ಲ. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಯಾಕೆ ಅಂತ ಕೇಳಿ, ಉತ್ತರ ಪೂರ್ತಿ ಹೇಳುವ ತನಕ ಒಳಗೆ ಬಿಡುತ್ತಿರಲಿಲ್ಲ. ಹಾಗೆ ನಿಂತವರು ಇವತ್ತು ಇಲ್ಲಿ ಬಹಳ ಜನ ಇದ್ದೀರಿ. ಅದನ್ನು ಶಿಕ್ಷೆ ಅಂತ ನೀವು ಅಂದುಕೊಂಡಿದ್ದಿರಿ. ಅವರ ಹಾಜರಿ ಪುಸ್ತಕ ನೋಡಿದ ಮೇಲೆ ನಮಗೆ ಗೊತ್ತಾಯಿತು, ಅವರಿಗೆ ನಿಜವಾಗಿ ಉತ್ತರ ಬೇಕಿತ್ತು. ಬಾರದ ಪ್ರತಿ ಮಗುವಿನ ಹೆಸರಿನ ಮುಂದೆ ಅವರು ಕಾರಣ ಬರೆದಿಟ್ಟಿದ್ದಾರೆ. ಕೆಲವು ಕಾರಣಗಳಿಗೆ ಮುಂದಿನ ವಾರದೊಳಗೆ ಪರಿಹಾರ ಸಿಕ್ಕಿದೆ. ಹೇಗೆ ಅಂತ ಬರೆದಿಲ್ಲ. ಗೊತ್ತಿದ್ದವರು ನಮಗೆ ಹೇಳಬೇಕಾಗಿಲ್ಲ.

"ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಆಲ್ಟರ್ ಬಟ್ಟೆಗೆ ಇಸ್ತ್ರಿ. ಅದು ಮುಗಿಯುವ ತನಕ ನಮ್ಮ ಯೂನಿಫಾರ್ಮಿಗೆ ಸರದಿ ಇಲ್ಲ. ಸೋಮವಾರ ಸುಕ್ಕು ಅಂಗಿ ಹಾಕಿಕೊಂಡು ಶಾಲೆಗೆ ಹೋದ ಟೀಚರ್ ಮಕ್ಕಳು ನಾವು. ಆಗ ಸಿಟ್ಟು ಬರುತ್ತಿತ್ತು. ಆ ಬಟ್ಟೆ ಕಳೆದ ಭಾನುವಾರವೂ ಅಲ್ಲಿತ್ತು, ಬೇರೆಯವರು ಇಸ್ತ್ರಿ ಮಾಡಿದ್ದರು. ಮಡಿಕೆ ನೇರವಾಗಿಲ್ಲ ಅಂತ ನಾವು ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಇಷ್ಟನ್ನು ಅವರು ನಮಗೆ ಕಲಿಸಿ ಹೋಗಿದ್ದಾರೆ. ತಾಯಿಯಾಗಿ ಅವರು ನಿಸ್ವಾರ್ಥ ಪ್ರೀತಿಯ ಸಾಗರವೇ ಆಗಿದ್ದರು."

ಸೀಮೆಸುಣ್ಣ

ಕೊನೇ ಸಾಲು ಹೊಡೆದುಹಾಕು. ಉಳಿದದ್ದು ಮುಟ್ಟಬೇಡ.

ನೀಲಿಶಾಯಿ

ಇದನ್ನು ಅತ್ತೆ, ದೊಡ್ಡಪ್ಪಂದಿರ ಮುಂದೆ ಓದಬಹುದು. ನನ್ನ ತಕರಾರು ವಾಪಸ್. ಒಂದೇ ಮಾತು, "ಬೇರೆಯವರು ಇಸ್ತ್ರಿ ಮಾಡಿದ್ದರು, ಮಡಿಕೆ ನೇರವಾಗಿಲ್ಲ" ಅನ್ನುವಾಗ ಆ ಬೇರೆಯವರೂ ಬೆಂಚಿನಲ್ಲಿ ಕೂತಿರುತ್ತಾರೆ ಅಲ್ವಾ?

ಕೊನೇಮಗಳು

ಅಯ್ಯೋ, ಹೌದು. ಅವರಿಗೆ ಇವತ್ತೇ ಫೋನ್ ಮಾಡಿ ಮುಂಚೆಯೇ ಹೇಳಿಬಿಡುತ್ತೇನೆ. ನಗುವ ಸ್ವಭಾವದವರು. ಅವರು ಬೇಡ ಅಂದರೆ ತೆಗೆಯುತ್ತೇನೆ.

ಅಚ್ಚುಮೊಳೆ

ಓದುವುದನ್ನು ದೊಡ್ಡ ಅಕ್ಷರದಲ್ಲಿ, ಹಾಳೆಯ ಒಂದೇ ಬದಿಗೆ ಪ್ರಿಂಟ್ ತೆಗೆಸಿ. ಫೋನ್ ನೋಡಿ ಓದಬೇಡಿ, ಕಣ್ಣು ತುಂಬಿದಾಗ ಸಾಲು ತಪ್ಪುತ್ತದೆ. ಒಂದು ಪ್ರತಿ ಮನೆಯವರೊಬ್ಬರ ಕೈಯಲ್ಲಿರಲಿ. ನಿಮಗೆ ಆಗದಿದ್ದರೆ ಅವರು ಅಲ್ಲಿಂದಲೇ ಮುಂದುವರಿಸಲಿ. ಮನೆಯಲ್ಲಿ ಜೋರಾಗಿ ಓದಿ ಗಡಿಯಾರ ನೋಡಿಕೊಳ್ಳಿ. ಅಳುವಿಗೂ ಸಮಯ ಸೇರಿಸಿ.

ಹಿರೀಮಗ

ಎಷ್ಟೋ ವರ್ಷ ಆದ ಮೇಲೆ ಬರೆದರೆ ಅರ್ಥ ಇದೆಯಾ? ಈಗ ಪುಸ್ತಿಕೆಯೂ ಇಲ್ಲ, ಆರಾಧನೆಯೂ ಇಲ್ಲ, ಕೇಳುವವರೂ ಇಲ್ಲ.

ಗಂಟೆಗೋಪುರ

ಆಗಸ್ಟೀನರು ಬರೆದದ್ದು ತಾಯಿ ಹೋಗಿ ಹತ್ತು ವರ್ಷ ಆದ ಮೇಲೆ. ಅವರಿಗೂ ಆಗ ಯಾವ ಪಾಸ್ಟರೂ ಐದು ನಿಮಿಷ ಕೊಟ್ಟಿರಲಿಲ್ಲ.

ಹಿರೀಮಗ

ಸರಿ ಹಾಗಾದರೆ. ಬೇರೆ ಥ್ರೆಡ್ ತೆರೆಯುತ್ತೇನೆ. ಊಟದ ಮೇಜಿನ ಮೇಲಿನ ಕಾಪಿ ಪುಸ್ತಕಗಳಿಂದ ಶುರು ಮಾಡುತ್ತೇನೆ. ಮೊದಲ ಪುಟ ಪೂರ್ತಿ ಸಿಟ್ಟೇ ಇರುತ್ತದೆ, ಯಾರೂ ಸಮಾಧಾನ ಹೇಳಲು ಬರಬೇಡಿ.

ಸೀಮೆಸುಣ್ಣ

ಬರೆಯಪ್ಪಾ. ಕಾಗುಣಿತ ಮಾತ್ರ ನಾನು ತಿದ್ದುತ್ತೇನೆ.